ಆರತಿ ತಟ್ಟೆಯ ಕೆಂಪು, ಶಂಖಪುಷ್ಪದ ನೀಲಿ

ಓದುಗರ ಪ್ರಶ್ನೆ, ಟೀಚರ್ ಉತ್ತರ

ಕಳೆದ ಸಂಚಿಕೆಯಲ್ಲಿ ಎರಡೇ ಸಾಲು ಬರೆದಿದ್ದೆ. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ, ಅದಕ್ಕೆ ನಿಂಬೆ ಹಿಂಡಿದರೆ ಮತ್ತೆ ಹಳದಿಗೆ ತಿರುಗುತ್ತದೆ ಅಂತ. ಆ ಎರಡು ಸಾಲಿಗೆ ಬಂದಷ್ಟು ಕಾಗದ ಬೇರೆ ಯಾವುದಕ್ಕೂ ಬಂದಿರಲಿಲ್ಲ. ಬರೆದವರಲ್ಲಿ ಅರ್ಧಕ್ಕರ್ಧ ಜನ ತಾವೇ ಮಾಡಿ ನೋಡಿದ್ದಾರೆ. ನನಗೆ ಅದೇ ದೊಡ್ಡ ಖುಷಿ. ಹಾಗಾಗಿ ಈ ಸಲ ಪೂರ್ತಿ ಅಂಕಣ ಬಣ್ಣಕ್ಕೇ ಮೀಸಲು.

ಪ್ರಶ್ನೆ: ಮೇಡಂ, ನನ್ನ ಮಗಳು ಆರನೇ ಕ್ಲಾಸು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಬಣ್ಣ ಬದಲಾಗುವ ಪ್ರಯೋಗ ಮಾಡಬೇಕಂತೆ. ಅಂಗಡಿಯಿಂದ ಕೆಮಿಕಲ್ ತರಲು ಭಯ. ಮನೆಯಲ್ಲಿ ಇರುವುದರಲ್ಲೇ ಆಗುತ್ತದಾ? ಯಾಕೆ ಹೀಗಾಗುತ್ತದೆ ಅಂತ ಯಾರಾದರೂ ಕೇಳಿದರೆ ಅವಳು ಏನು ಹೇಳಬೇಕು? (ಒಬ್ಬ ತಾಯಿ, ತಿಪಟೂರು)

ಉತ್ತರ: ಖಂಡಿತ ಆಗುತ್ತದೆ ತಾಯಿ. ನಿಮ್ಮ ಮನೆಯಲ್ಲಿ ಈ ಪ್ರಯೋಗ ಆಗಲೇ ಎಷ್ಟೋ ಸಲ ನಡೆದಿದೆ. ಮದುವೆಯಾಗಿ ಬಂದ ಹೆಣ್ಣು ಗಂಡಿಗೆ, ಬಾಣಂತಿ ಮಗುವಿಗೆ ಕೆಂಪಾರತಿ ಎತ್ತುತ್ತೇವೆ ಅಲ್ವಾ, ಆ ನೀರು ಕೆಂಪಾಗಿದ್ದು ಹೇಗೆ? ನನ್ನಮ್ಮ ಹಿತ್ತಾಳೆ ತಟ್ಟೆಗೆ ನೀರು ಹಾಕಿ, ಒಂದು ಚಿಟಿಕೆ ಅರಿಶಿನ ಉದುರಿಸಿ, ಎಲೆ ಅಡಿಕೆ ತಟ್ಟೆಯಿಂದ ಸುಣ್ಣವನ್ನು ಬೆರಳ ತುದಿಯಲ್ಲಿ ತೆಗೆದು ಕಲಸುತ್ತಿದ್ದಳು. ಬೆರಳು ಸುತ್ತಿದ ಕಡೆಯೆಲ್ಲ ಕೆಂಪು ಏಳುತ್ತಿತ್ತು. ನಾನು ಬಿ.ಎಸ್ಸಿ. ಓದುವವರೆಗೂ ಅದು ರಸಾಯನಶಾಸ್ತ್ರ ಅಂತ ನನಗೆ ಯಾರೂ ಹೇಳಿರಲಿಲ್ಲ.

ಪ್ರದರ್ಶನಕ್ಕೆ ಅರಿಶಿನದ ಜತೆ ಶಂಖಪುಷ್ಪವನ್ನೂ ಇಟ್ಟುಕೊಳ್ಳಿ. ಬೇಲಿಯ ಮೇಲೆ ಹಬ್ಬುವ ಕಡುನೀಲಿ ಹೂವು, ಪೂಜೆಗೆ ಕೀಳುತ್ತಾರಲ್ಲ, ಅದೇ. ಹತ್ತು ಹೂವಿನ ಹಸಿರು ತೊಟ್ಟು ಬಿಡಿಸಿ ಒಂದು ಲೋಟ ಬಿಸಿನೀರಿಗೆ ಹಾಕಿ ಮುಚ್ಚಿಡಿ. ಹತ್ತು ನಿಮಿಷಕ್ಕೆ ಎಸಳು ಬೆಳ್ಳಗಾಗಿ, ನೀರು ಶಾಯಿಯ ಹಾಗೆ ನೀಲಿಯಾಗುತ್ತದೆ. ಟೀ ಸೋಸುವ ಜಾಲರಿಯಲ್ಲಿ ಸೋಸಿ ನಾಲ್ಕು ಗಾಜಿನ ಲೋಟಕ್ಕೆ ಹಂಚಿ. ಸ್ಟೀಲ್ ಲೋಟ ಬೇಡ, ಬಣ್ಣ ಕಾಣುವುದಿಲ್ಲ.

ಮೊದಲ ಲೋಟವನ್ನು ಮುಟ್ಟಲೇಬೇಡಿ. ಇದು ತುಂಬಾ ಮುಖ್ಯ. ಉಳಿದವು ಎಷ್ಟು ಬದಲಾಗಿವೆ ಅಂತ ಹೋಲಿಸಲು ಅದೊಂದು ಹಾಗೇ ಇರಬೇಕು. ಎರಡನೆಯದಕ್ಕೆ ನಿಂಬೆರಸ, ಒಂದೊಂದೇ ಹನಿ. ಚಮಚ ಆಡಿಸಬೇಡಿ. ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಪಕ್ಕದಿಂದ ನೋಡಲು ಮಗಳಿಗೆ ಹೇಳಿ. ಹನಿ ಬಿದ್ದ ಜಾಗದಿಂದ ನೇರಳೆ ದಾರವೊಂದು ನೀಲಿಯೊಳಗೆ ನಿಧಾನಕ್ಕೆ ತಳದ ಕಡೆ ಇಳಿಯುತ್ತದೆ. ಇನ್ನಷ್ಟು ಹಿಂಡಿ ಕದಡಿದರೆ ಇಡೀ ಲೋಟ ಕೆನ್ನೇರಳೆಯಾಗಿ ಗುಲಾಬಿಯತ್ತ ಹೋಗುತ್ತದೆ. ಮೂರನೆಯದಕ್ಕೆ ಅಡುಗೆ ಸೋಡಾ. ಇಲ್ಲಿ ದೊಡ್ಡ ಬದಲಾವಣೆ ನಿರೀಕ್ಷಿಸಬೇಡಿ, ನೀಲಿಗೆ ಒಂಚೂರು ಹಸಿರು ಛಾಯೆ ಬಂದರೆ ಬಂತು. ನಾಲ್ಕನೆಯದಕ್ಕೆ ಸುಣ್ಣದ ತಿಳಿನೀರು. ಅದು ಹಸಿರಾಗುತ್ತದೆ, ಹಾಗೇ ಬಿಟ್ಟರೆ ಮೆಲ್ಲಗೆ ಹಳದಿಗೆ ಇಳಿಯುತ್ತದೆ. ಹಳದಿಗೆ ಇಳಿದದ್ದಕ್ಕೆ ಎಷ್ಟು ನಿಂಬೆ ಹಿಂಡಿದರೂ ಮೊದಲಿನ ಬಣ್ಣ ಪೂರ್ತಿ ಬರುವುದಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ಬಣ್ಣದ ವಸ್ತುವೇ ಮುರಿದಿರುತ್ತದೆ.

ಸುಣ್ಣದ ತಿಳಿಯನ್ನು ಹಿಂದಿನ ರಾತ್ರಿ ನೀವೇ ಮಾಡಿಡಿ, ಮಗುವಿನ ಕೈಗೆ ಕೊಡಬೇಡಿ. ಎಲೆಗೆ ಹಚ್ಚುವ ಸುಣ್ಣ ಕಡಲೆಕಾಳಿನಷ್ಟು, ಒಂದು ಲೋಟ ನೀರು. ಕದಡಿ ಮುಚ್ಚಿಟ್ಟರೆ ಬೆಳಗ್ಗೆ ಮೇಲೆ ತಿಳಿ ನಿಂತಿರುತ್ತದೆ. ಸುಡದ ಹಾಗೆ ಕಂಡರೂ ಸುಣ್ಣ ಕಣ್ಣಿಗೆ ಬಹಳ ಕೆಟ್ಟದ್ದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಎಂಟನೇ ಕ್ಲಾಸಿನ ಹುಡುಗನೊಬ್ಬ ಸುಣ್ಣದ ಪೊಟ್ಟಣವನ್ನು ಹಿಚುಕಿ, ಅದು ಚಿಮ್ಮಿ ಅವನ ಎಡಗಣ್ಣಿಗೆ ಬಿತ್ತು. ಕೊಳಾಯಿ ಕೆಳಗೆ ಅವನ ತಲೆ ಹಿಡಿದು ಇಪ್ಪತ್ತು ನಿಮಿಷ ನೀರು ಬಿಟ್ಟೆವು, ಆಮೇಲೆ ಕಣ್ಣಿನ ಡಾಕ್ಟರ ಹತ್ತಿರ ಓಡಿದೆವು. ಕಣ್ಣು ಉಳಿಯಿತು. ಆ ಇಪ್ಪತ್ತು ನಿಮಿಷ ನನಗೆ ಇವತ್ತಿಗೂ ಮರೆತಿಲ್ಲ. ಅವತ್ತಿನಿಂದ ಸುಣ್ಣ ನನ್ನ ಕೈಯಲ್ಲೇ, ಮಕ್ಕಳ ಕೈಯಲ್ಲಿ ನಿಂಬೆ.

ಈಗ ಕಾರಣ. ನಿಂಬೆ, ವಿನೆಗರ್, ಹುಣಸೆ ಆಮ್ಲ. ಸುಣ್ಣ, ಸೋಪು, ಸೋಡಾ ಕ್ಷಾರ. ಆಮ್ಲ ಎಂದರೆ ಹೈಡ್ರೋಜನ್ ಅಯಾನನ್ನು, ಅಂದರೆ ವಿದ್ಯುದಂಶವಿರುವ ಹೈಡ್ರೋಜನ್ ಕಣವನ್ನು, ಕೊಡುವ ಸ್ವಭಾವದ್ದು, ಕ್ಷಾರ ಅದನ್ನು ಕಿತ್ತುಕೊಳ್ಳುವ ಸ್ವಭಾವದ್ದು. ಶಂಖಪುಷ್ಪದ ನೀಲಿ, ದಾಸವಾಳದ ಕೆಂಪು, ಬದನೆಕಾಯಿ ಸಿಪ್ಪೆಯ ನೇರಳೆ, ನೇರಳೆ ಹಣ್ಣಿನ ಕಪ್ಪು, ಇವೆಲ್ಲ ಆಂಥೋಸಯನಿನ್ ಎಂಬ ಒಂದೇ ಮನೆತನದ ಬಣ್ಣಗಳು. ಈ ಅಣುವಿಗೆ ಒಂದು ಹೈಡ್ರೋಜನ್ ಅಂಟಿದರೆ ಅಥವಾ ಬಿಟ್ಟುಹೋದರೆ ಅದು ಬೆಳಕಿನ ಯಾವ ಭಾಗವನ್ನು ನುಂಗುತ್ತದೆ ಅನ್ನುವುದೇ ಬದಲಾಗುತ್ತದೆ. ನುಂಗದೆ ಬಿಟ್ಟದ್ದು ನಮ್ಮ ಕಣ್ಣಿಗೆ ಬರುತ್ತದೆ. ಅರಿಶಿನದ ಕರ್ಕ್ಯುಮಿನ್ ಬೇರೆ ಮನೆತನದ್ದು, ಆದರೆ ಆಟ ಇದೇ.

ಒಂದು ಹಳೆಯ ಕಥೆಯನ್ನೂ ಮಗಳಿಗೆ ಹೇಳಿಕೊಡಿ. 1664ರಲ್ಲಿ ರಾಬರ್ಟ್ ಬಾಯ್ಲ್ ಎಂಬ ವಿಜ್ಞಾನಿ ಬಣ್ಣಗಳ ಬಗ್ಗೆ ಪುಸ್ತಕ ಬರೆದರು. ಅದರಲ್ಲಿ ವಯೊಲೆಟ್ ಹೂವಿನ ಪಾಕವನ್ನು ಬಿಳಿ ಕಾಗದದ ಮೇಲೆ ಹನಿಸಿ, ಆಮ್ಲ ಮುಟ್ಟಿಸಿದರೆ ಕೆಂಪು, ಕ್ಷಾರ ಮುಟ್ಟಿಸಿದರೆ ಹಸಿರು ಅಂತ ತೋರಿಸಿದರು. ಇವತ್ತು ಆಮ್ಲ ಎಷ್ಟು, ಕ್ಷಾರ ಎಷ್ಟು ಅಂತ ಅಳೆಯುವ ಪಿಎಚ್ ಎಂಬ ಅಳತೆ ಬಂದದ್ದು 1909ರಲ್ಲಿ, ಡೆನ್ಮಾರ್ಕಿನ ಸೋರೆನ್ಸನ್ ಅವರಿಂದ. ಬಾಯ್ಲ್ ಕಾಲದಲ್ಲಿ ಹೂವೇ ಅಳತೆಗೋಲು. ನಿಮ್ಮ ಮಗಳ ಮೇಜಿನ ಮೇಲೂ ಹಾಗೇ.

ಪ್ರಶ್ನೆ: ಮಿಸ್, ನಾನು ಒಂಬತ್ತನೇ ತರಗತಿ. ಪುಸ್ತಕದಲ್ಲಿ ಇರುವಂತೆ ದಾಸವಾಳ ಕುದಿಸಿದೆ. ನಮ್ಮ ಮನೆಯಲ್ಲಿ ನೀರು ಕೆಂಪಾಗಲೇ ಇಲ್ಲ, ಕೊಳೆ ನೀಲಿ, ಆಮೇಲೆ ಹಸಿರು. ಏನೂ ಹಾಕಿರಲಿಲ್ಲ. ಸಾಗರದಲ್ಲಿ ಅಜ್ಜಿ ಮನೆಗೆ ಹೋದಾಗ ಅದೇ ಥರ ಹೂವಲ್ಲಿ ಮಾಡಿದೆ, ಚೆನ್ನಾಗಿ ಕೆನ್ನೇರಳೆ ಬಂತು. ನಮ್ಮೂರ ಹೂವು ಸರಿಯಿಲ್ವಾ? (ವಿದ್ಯಾರ್ಥಿ, ಚಿಕ್ಕಬಳ್ಳಾಪುರ ಜಿಲ್ಲೆ)

ಉತ್ತರ: ಮರಿ, ಈ ತಿಂಗಳ ಕಾಗದಗಳಲ್ಲಿ ನಿನ್ನದೇ ನನಗೆ ಬಹಳ ಹಿಡಿಸಿದ್ದು. ಬರಬೇಕಾದ ಬಣ್ಣ ಬರಲಿಲ್ಲ ಅಂತ ಚೆಲ್ಲಿ ಸುಮ್ನೆ ಕೂರಲಿಲ್ಲ ನೀನು. ಇನ್ನೊಂದು ಊರಲ್ಲಿ ಮತ್ತೆ ಮಾಡಿ ನೋಡಿದೆ.

ಹೂವು ಸರಿಯಾಗೇ ಇದೆ. ನನಗೆ ಅನುಮಾನ ನೀರಿನ ಮೇಲೆ. ನಿಮ್ಮದು ಬೋರ್‌ವೆಲ್ ನೀರು ಇರಬೇಕು. ಹಂಡೆಯ ತಳದಲ್ಲಿ ಬಿಳಿ ಪದರ ಗಟ್ಟಿಯಾಗಿ ಕೂತಿದೆಯಾ ನೋಡು. ಸೋಪು ಸರಿಯಾಗಿ ನೊರೆ ಬರಲ್ಲ, ಬೇಳೆ ಬೇಗ ಬೇಯಲ್ಲ ಅಂತ ಅಮ್ಮ ಹೇಳುತ್ತಾರಾ ಕೇಳು. ಹೌದಾದರೆ ಅದು ಗಡಸು ನೀರು. ನಿಮ್ಮ ಕಡೆ ನೀರು ಬಹಳ ಆಳದಿಂದ, ಬಂಡೆಯ ಸಂದುಗಳಿಂದ ಬರುತ್ತದೆ. ಬರುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಕರಗಿಸಿಕೊಂಡು ಬರುತ್ತದೆ. ಬೈಕಾರ್ಬೊನೇಟ್ ಎಂದರೆ ಅಡುಗೆ ಸೋಡಾದಲ್ಲಿ ಇರುವುದೇ.

ಇನ್ನೊಂದು ಮಾತು. ನೀನು ಕುದಿಸಿದೆ. ಕುದಿಸಿದಾಗ ಆ ನೀರಿನಲ್ಲಿದ್ದ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗುತ್ತದೆ. ಅದು ನೀರಿಗೆ ಸ್ವಲ್ಪ ಆಮ್ಲದ ಗುಣ ಕೊಡುತ್ತಿತ್ತು. ಅದು ಹೋದ ಮೇಲೆ ನೀರು ಇನ್ನಷ್ಟು ಕ್ಷಾರದ ಕಡೆ ವಾಲುತ್ತದೆ. ಹಂಡೆಯ ತಳದ ಬಿಳಿ ಪದರವೂ ಇದರಿಂದಲೇ ಆಗುವುದು. ದಾಸವಾಳ ಕ್ಷಾರಕ್ಕೆ ಹಸಿರಾಗುತ್ತದೆ. ನೀನು ಏನೂ ಹಾಕಲಿಲ್ಲ ಅಂದುಕೊಂಡೆ, ಆದರೆ ಬೋರ್‌ವೆಲ್ ಮೊದಲೇ ಹಾಕಿತ್ತು. ಸಾಗರದಲ್ಲಿ ಮಳೆ ಜಾಸ್ತಿ, ಬಾವಿಯ ನೀರು ಮೆದು, ಅದಕ್ಕೇ ಅಲ್ಲಿ ಹೂವಿನ ಸ್ವಂತ ಬಣ್ಣ ಕಂಡಿತು.

ಆದರೆ ನಾನು ಹೇಳಿದೆ ಅಂತ ನಂಬಬೇಡ, ನೋಡು. ನಿಮ್ಮೂರಲ್ಲೇ, ಒಂದೇ ಗಿಡದ ಹೂವು, ಒಂದೇ ಪಾತ್ರೆ, ಒಂದೇ ಅಳತೆ. ಒಂದು ಸಲ ಬೋರ್‌ವೆಲ್ ನೀರು, ಇನ್ನೊಂದು ಸಲ ಫಿಲ್ಟರ್ ಕ್ಯಾನಿನ ನೀರು. ಮಳೆ ಬಂದರೆ ಬಯಲಲ್ಲಿ ಪಾತ್ರೆ ಇಟ್ಟು ಹಿಡಿದ ಮಳೆನೀರು ಇನ್ನೂ ಒಳ್ಳೆಯದು. ನೀರೊಂದನ್ನು ಬಿಟ್ಟು ಬೇರೆ ಏನನ್ನೂ ಬದಲಿಸಬೇಡ. ಸಾಗರದಲ್ಲಿ ಮಾಡಿದಾಗ ನೀರೂ ಬೇರೆ, ಗಿಡವೂ ಬೇರೆ, ಪಾತ್ರೆಯೂ ಬೇರೆ. ಯಾವುದರಿಂದ ಆಯಿತು ಅಂತ ಅದರಿಂದ ಹೇಳೋಕೆ ಆಗಲ್ಲ. ಹಾಂ, ಪಾತ್ರೆ ಯಾವುದಿತ್ತು? ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆಯಾದರೆ ಆ ಲೋಹವೂ ಬಣ್ಣವನ್ನು ನೀಲಿಯತ್ತ, ಕಪ್ಪಿನತ್ತ ಎಳೆಯುತ್ತದೆ. ಸ್ಟೀಲಿನಲ್ಲಿ ಕುದಿಸಿ ಗಾಜಿಗೆ ಸುರಿ.

ಒಂದು ಎಚ್ಚರಿಕೆ. ನಿಮ್ಮ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ ಇರುವುದು ಎಲ್ಲರಿಗೂ ಗೊತ್ತಿದೆ. ದಾಸವಾಳ ಫ್ಲೋರೈಡ್ ಬಗ್ಗೆ ಏನನ್ನೂ ಹೇಳುವುದಿಲ್ಲ. ಹೂವಿನ ಬಣ್ಣ ಚೆನ್ನಾಗಿ ಬಂತು, ಹಾಗಾದರೆ ಈ ನೀರು ಕುಡಿಯಬಹುದು ಅಂತ ಯಾರಿಗೂ ಹೇಳಬೇಡ. ಅದಕ್ಕೆ ನೀರನ್ನು ಪರೀಕ್ಷೆಗೇ ಕಳಿಸಬೇಕು. ಎರಡು ಲೋಟದ ಫಲಿತಾಂಶ ಬರೆದು ಕಳಿಸು, ಮುಂದಿನ ಸಲ ಹಾಕುತ್ತೇನೆ.

ಪ್ರಶ್ನೆ: ಬಿಳಿ ಶರ್ಟಿನ ಮೇಲೆ ಸಾರು ಚೆಲ್ಲಿತು. ಸೋಪು ಹಚ್ಚಿದ ಕೂಡಲೇ ಕಲೆ ರಕ್ತದ ಹಾಗೆ ಕೆಂಪಾಯಿತು. ಬಟ್ಟೆ ಹಾಳಾಯಿತಾ? (ಹಾಸನ)

ಉತ್ತರ: ಇಲ್ಲ. ಸಾರಿನ ಅರಿಶಿನಕ್ಕೆ ಸೋಪಿನ ಕ್ಷಾರ ತಗುಲಿ ಕೆಂಪಾಗಿದೆ, ಸೋಪು ಪೂರ್ತಿ ಹೋಗುವಂತೆ ತೊಳೆದರೆ ಹಳದಿಗೆ ಬರುತ್ತದೆ. ಹಳದಿಯನ್ನು ತೆಗೆಯಲು ಬಿಸಿಲಿಗಿಂತ ಒಳ್ಳೆಯದು ಯಾವುದೂ ಇಲ್ಲ. ಕರ್ಕ್ಯುಮಿನ್ ಬೆಳಕಿಗೆ ಮುರಿಯುತ್ತದೆ. ಒದ್ದೆ ಇರುವಾಗಲೇ ಕಲೆಯ ಮುಖ ಸೂರ್ಯನ ಕಡೆಗೆ ಮಾಡಿ ಒಣಗಿಸಿ. ಒಂದು ದಿನಕ್ಕೆ ಹೋಗದಿದ್ದರೆ ಎರಡು ದಿನ.

ಪ್ರಶ್ನೆ: ಅಕ್ಕೋರೇ, ಕುಂಕುಮ ಅಂದ್ರೆ ಅರಿಶಿನ ಮತ್ತು ಸುಣ್ಣ ಅಂತ ಕೇಳಿದ್ದೆ. ನೀವು ಬರೆದದ್ದು ಓದಿ ನಮ್ಮತ್ತೆ ಮನೆಯಲ್ಲೇ ಮಾಡಿದ ಕುಂಕುಮಕ್ಕೆ ನಿಂಬೆರಸ ಬಿಟ್ಟೆ. ಹಳದಿ ಆಗಲಿಲ್ಲ, ಕೆಂಪಗೇ ಉಳೀತು. ಅತ್ತೆ ಅದರಲ್ಲಿ ಏನೂ ಕಲಬೆರಕೆ ಮಾಡಿಲ್ಲ ಅಂತಾರ. ಯಾರ ಮಾತು ಖರೆ? (ಗೃಹಿಣಿ, ಧಾರವಾಡ)

ಉತ್ತರ: ನಿಮ್ಮತ್ತೆಯ ಮಾತು ಖರೆ ಇರಬಹುದು. ಅವರನ್ನು ಒಂದು ಪ್ರಶ್ನೆ ಕೇಳಿ. ಕುಂಕುಮಕ್ಕೆ ಬಿಳಿಗಾರ ಹಾಕಿದ್ದೀರಾ?

ಮನೆಯ ಕುಂಕುಮಕ್ಕೆ ಎರಡು ದಾರಿಗಳಿವೆ. ಒಂದು ಅರಿಶಿನಕ್ಕೆ ಸುಣ್ಣ ಸೇರಿಸುವುದು. ಇದು ಆರತಿ ನೀರಿನ ಕೆಂಪೇ, ನಿಂಬೆ ಬಿದ್ದರೆ ಹಳದಿಗೆ ಬರುತ್ತದೆ. ಇನ್ನೊಂದು ಹಳೆಯ ಪದ್ಧತಿ, ಅರಿಶಿನಕ್ಕೆ ಬಿಳಿಗಾರ ಮತ್ತು ನಿಂಬೆರಸ ಹಾಕಿ, ಕೆಲವರು ಪಟಿಕವನ್ನೂ ಸೇರಿಸಿ, ನೆನೆಸಿ ಒಣಗಿಸಿ ಕುಟ್ಟುವುದು. ಬಿಳಿಗಾರ ಎಂದರೆ ಬೋರಾಕ್ಸ್. ಅದರಲ್ಲಿರುವ ಬೋರಾನ್, ಹುಳಿಯ ಜತೆ ಸೇರಿದಾಗ, ಕರ್ಕ್ಯುಮಿನ್ ಅನ್ನು ಗಟ್ಟಿಯಾಗಿ ಹಿಡಿದುಕೊಂಡು ಹೊಸದೊಂದು ಕೆಂಪು ವಸ್ತುವೇ ಆಗುತ್ತದೆ. ಈ ಕೆಂಪು ಹುಳಿಯಲ್ಲೇ ಹುಟ್ಟಿದ್ದು. ಹಾಗಾಗಿ ನಿಂಬೆ ಹಿಂಡಿದರೆ ಅದಕ್ಕೆ ಏನೂ ಆಗುವುದಿಲ್ಲ. ಮಣ್ಣಿನಲ್ಲಿ, ನೀರಿನಲ್ಲಿ ಬೋರಾನ್ ಎಷ್ಟಿದೆ ಅಂತ ಪ್ರಯೋಗಾಲಯದಲ್ಲಿ ಕಂಡುಹಿಡಿಯಲು ಇದೇ ಕರ್ಕ್ಯುಮಿನ್ ಕೆಂಪನ್ನು ಬಳಸುತ್ತಾರೆ. ನಮ್ಮ ಅತ್ತೆಯಂದಿರು ಹಣೆಗೆ ಇಟ್ಟುಕೊಂಡದ್ದನ್ನೇ ಅವರು ಅಳತೆಗೆ ಇಟ್ಟುಕೊಂಡಿದ್ದಾರೆ. ಇದನ್ನು ಮೊದಲು ಓದಿದ ದಿನ ನಾನು ಪುಸ್ತಕ ಮಡಚಿಟ್ಟು ಅಮ್ಮನಿಗೆ ಫೋನ್ ಮಾಡಿದ್ದೆ.

ಒಂದು ಚಿಟಿಕೆ ಕುಂಕುಮವನ್ನು ಬಿಳಿ ತಟ್ಟೆಯ ಮೇಲೆ ಇಟ್ಟು ಈಗ ಸುಣ್ಣದ ತಿಳಿ ಒಂದು ಹನಿ ಬಿಡಿ. ಬೋರಾನಿನ ಕೆಂಪಾಗಿದ್ದರೆ ಹಸಿರುಗಪ್ಪಿನ ಕಡೆಗೋ ಕಡುನೀಲಿಯ ಕಡೆಗೋ ತಿರುಗುತ್ತದೆ. ನಿಂಬೆಗೂ ಜಗ್ಗದೆ, ಸುಣ್ಣಕ್ಕೂ ಜಗ್ಗದೆ ಹಾಗೇ ಹೊಳೆಯುತ್ತಿದ್ದರೆ ಮಾತ್ರ ಬೇರೆ ಬಣ್ಣದ ಅನುಮಾನ ಪಡಬಹುದು. ಅದೂ ಅನುಮಾನ ಅಷ್ಟೇ. ಒಂದು ಹನಿಯಿಂದ ಯಾರ ಮೇಲೂ ತೀರ್ಪು ಕೊಡಬಾರದು, ಅತ್ತೆಯ ಮೇಲಂತೂ ಕೊಡಲೇಬಾರದು. ಬಿಳಿಗಾರ ಮಕ್ಕಳ ಬಾಯಿಗೆ ಹೋಗದಂತೆ ಎತ್ತರದಲ್ಲಿಡಿ. ಮತ್ತೆ, ಅತ್ತೆಯವರ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಈಗ ಕುಂಕುಮವನ್ನು ಮನೆಯಲ್ಲಿ ಮಾಡುವವರು ಬಹಳ ಕಡಿಮೆ.

ಪ್ರಶ್ನೆ: ಬಟ್ಟೆಗೆ ಹಾಕುವ ಬ್ಲೀಚ್ ಬಿಟ್ಟರೆ ಹೂವಿನ ಬಣ್ಣ ಪೂರ್ತಿ ಮಾಯವಾಗುತ್ತದೆ. ಅದಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿಸಿದರೆ ಇನ್ನೂ ಬೇಗ ಆಗುತ್ತದೆ ಅಂತ ಗೆಳೆಯ ಹೇಳಿದ. ಮಾಡಬಹುದಾ? (ಪಿಯುಸಿ, ಬಳ್ಳಾರಿ)

ಉತ್ತರ: ಬೇಡ. ಮನೆಯಲ್ಲೂ ಬೇಡ, ಕಾಲೇಜಿನಲ್ಲೂ ಬೇಡ, ಬಯಲಲ್ಲೂ ಬೇಡ. ಬ್ಲೀಚಿಗೆ ಆಸಿಡ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರಲ್ಲಿ ಬೆಲ್ಜಿಯಂನ ಈಪ್ರ್ ಊರಿನ ಬಳಿ ಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲ. ಬಾಗಿಲು ಹಾಕಿದ ಬಚ್ಚಲಮನೆಯಲ್ಲಿ ಎರಡನ್ನೂ ಒಟ್ಟಿಗೆ ಸುರಿದು ಉಸಿರು ಕಟ್ಟಿಸಿಕೊಂಡವರಿದ್ದಾರೆ. ಬ್ಲೀಚಿನ ಜತೆ ವಿನೆಗರ್, ನಿಂಬೆಯೂ ಬೇಡ. ಅಕಸ್ಮಾತ್ ಸೇರಿದರೆ ಬಗ್ಗಿ ನೋಡಲು ಹೋಗದೆ ತಕ್ಷಣ ಹೊರಗೆ ಬಾ. ಈ ಉತ್ತರವನ್ನು ಆ ಗೆಳೆಯನಿಗೂ ಓದಿಸು, ದಯವಿಟ್ಟು.

ಪ್ರಶ್ನೆ: ಟೀಚರ್, ನಮ್ಮವರ ಕಾಲಿನ ಗಾಯಕ್ಕೆ ಬೆಟಾಡಿನ್ ಹಚ್ಚುವಾಗ ಒಂದು ಹನಿ ಪಕ್ಕದಲ್ಲಿದ್ದ ಕುಚ್ಚಲಕ್ಕಿ ಗಂಜಿಗೆ ಬಿತ್ತು. ಗಂಜಿ ಕಪ್ಪುನೀಲಿ ಆಯಿತು. ಹೆದರಿ ಚೆಲ್ಲಿದೆ. ಅಕ್ಕಿಯಲ್ಲಿ ಏನಾದರೂ ಸೇರಿಸಿದ್ದಾರಾ? (ಉಡುಪಿ)

ಉತ್ತರ: ಚೆಲ್ಲಿದ್ದು ಸರಿ, ಔಷಧಿ ಬಿದ್ದ ಗಂಜಿ ಉಣ್ಣುವುದಲ್ಲ. ಆದರೆ ಅಕ್ಕಿಯ ಬಗ್ಗೆ ಹೆದರಬೇಡಿ, ಅದು ಒಳ್ಳೆಯ ಅಕ್ಕಿಯೇ. ಬೆಟಾಡಿನ್‌ನಲ್ಲಿ ಅಯೋಡಿನ್ ಇದೆ, ಗಂಜಿಯಲ್ಲಿ ಪಿಷ್ಟ ಇದೆ. ಪಿಷ್ಟದ ಅಣು ಉದ್ದಕ್ಕೆ ಸುರುಳಿ ಸುತ್ತಿಕೊಂಡಿರುತ್ತದೆ. ಆ ಸುರುಳಿಯ ಒಳಗೆ ಅಯೋಡಿನ್ ಸಾಲಾಗಿ ಹೋಗಿ ಕೂತಾಗ ಈ ಕಪ್ಪುನೀಲಿ ಹುಟ್ಟುತ್ತದೆ. ಆಲೂಗಡ್ಡೆ, ಮೈದಾ, ಸಾಬುದಾನಿ, ಯಾವುದಕ್ಕೆ ಬಿದ್ದರೂ ಹೀಗೇ.

ಇದು ಆಮ್ಲ ಕ್ಷಾರದ ಬಣ್ಣವಲ್ಲ, ಇದರ ದಾರಿಯೇ ಬೇರೆ. ಬೇಕಾದರೆ ಪರೀಕ್ಷೆ ಮಾಡಿ. ಗಂಜಿಯ ತಿಳಿಗೆ ಜಾಸ್ತಿ ನೀರು ಬೆರೆಸಿ ಎರಡು ಗಾಜಿನ ಲೋಟಕ್ಕೆ ಹಾಕಿ, ಒಂದೆರಡು ಹನಿ ಬೆಟಾಡಿನ್ ಬಿಡಿ. ಒಂದಕ್ಕೆ ವಿನೆಗರ್ ಹಾಕಿ. ಹುಳಿಯೇ ಆದರೂ ನೀಲಿ ಹೋಗುವುದಿಲ್ಲ. ಇನ್ನೊಂದಕ್ಕೆ ನೆಲ್ಲಿಕಾಯಿ ರಸ ಹಿಂಡಿ. ನೀಲಿ ಕಣ್ಣೆದುರೇ ಅಳಿಸಿಹೋಗುತ್ತದೆ. ನೆಲ್ಲಿಕಾಯಿಯ ವಿಟಮಿನ್ ಸಿ, ಅಯೋಡಿನ್ ಅನ್ನು ಬಣ್ಣವಿಲ್ಲದ ಅಯೊಡೈಡ್ ಮಾಡಿಬಿಡುತ್ತದೆ. ನಿಮ್ಮವರ ಪಂಚೆಗೆ ಬೆಟಾಡಿನ್ ಕಲೆ ಆಗಿದ್ದರೆ ವಿಟಮಿನ್ ಸಿ ಮಾತ್ರೆಯೊಂದನ್ನು ನೀರಲ್ಲಿ ಕರಗಿಸಿ ಹಚ್ಚಿ, ಕಲೆ ಹೋಗುತ್ತದೆ.

ಎಲ್ಲಕ್ಕಿಂತ ಚೆಂದದ್ದು ಇನ್ನೊಂದಿದೆ. ಹೊಸದಾಗಿ ಒಂದು ಲೋಟ ನೀಲಿ ಗಂಜಿನೀರು ಮಾಡಿ. ಬಣ್ಣ ತೆಳುವಾಗೇ ಇರಲಿ. ಪಾತ್ರೆಯಲ್ಲಿ ನೀರಿಟ್ಟು, ಅದರೊಳಗೆ ಲೋಟ ನಿಲ್ಲಿಸಿ ಮೆಲ್ಲಗೆ ಕಾಯಿಸಿ. ಲೋಟದ ನೀರು ಚೆನ್ನಾಗಿ ಬಿಸಿಯಾದಾಗ ನೀಲಿ ಕರಗಿ ಹೋಗುತ್ತದೆ, ಯಾಕೆಂದರೆ ಬಿಸಿಗೆ ಅಯೋಡಿನ್ ಸುರುಳಿಯಿಂದ ಹೊರಗೆ ಬರುತ್ತದೆ. ಕೂಡಲೇ ಒಲೆ ಆರಿಸಿ. ಹೆಚ್ಚು ಹೊತ್ತು ಕುದಿಸಿದರೆ ಅಯೋಡಿನ್ ಆವಿಯಾಗಿ ಹೋಗಿಬಿಡುತ್ತದೆ. ಲೋಟವನ್ನು ಬಟ್ಟೆಯಲ್ಲಿ ಹಿಡಿದು ತೆಗೆದು ಕಿಟಕಿಯ ಕಟ್ಟೆಯ ಮೇಲಿಡಿ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರಿ. ಆರುತ್ತಾ ಬಂದ ಹಾಗೆ, ಯಾರೂ ಮುಟ್ಟದೆ, ನೀಲಿ ತಾನಾಗಿ ವಾಪಸ್ ಬರುತ್ತದೆ. ನಿಮ್ಮವರನ್ನೂ ಕರೆದು ಕೂರಿಸಿಕೊಳ್ಳಿ, ಕಾಲು ನೋವಿನವರಿಗೆ ಹೊತ್ತು ಹೋಗುತ್ತದೆ. ನೋಡಿ ಆದ ಮೇಲೆ ಆ ನೀರನ್ನು ಹಸುವಿನ ಕಲಗಚ್ಚಿಗೆ ಸುರಿಯಬೇಡಿ, ಬಚ್ಚಲಿಗೆ ಚೆಲ್ಲಿ ಲೋಟ ತೊಳೆದಿಡಿ.